ಎರಡು ಅಂಕದ ಪ್ರಶ್ನೆ

ಜುಲೈ 27, ಭಾನುವಾರ

ಆಷಾಢ ಮುಗಿಯಿತು! ಹೊಸ ಸೊಸೆ ಆಷಾಢದಲ್ಲಿ ಅತ್ತೆಯ ಜೊತೆ ಒಂದೇ ಹೊಸ್ತಿಲು ದಾಟಬಾರದಂತೆ. ಅದಕ್ಕೇ ಮದುವೆಯ ಅರಿಸಿನ ಆರುವ ಮೊದಲೇ ನನ್ನನ್ನು ಕೆ.ಆರ್.ನಗರದ ತವರಿಗೆ ಕಳಿಸಿದ್ದರು. ಇವತ್ತು ನನ್ನ ಗಂಡ ತೇಜಸ್ ಬೈಕಿನಲ್ಲಿ ಕರೆದುಕೊಂಡು ಬಂದ. ರಾವಂದೂರಿನ ತನಕ ದಾರಿಯುದ್ದಕ್ಕೂ ನಾನು ಮಾತಾಡಿದೆ, ಅವನು "ಹೂಂ" ಅಂದ. ಅವನ "ಹೂಂ" ಎಷ್ಟು ಚೆಂದ! ಒಂದೊಂದು ಹೂಂನಲ್ಲೂ ಒಂದೊಂದು ಭಾವ!

ಈ ಡೈರಿಯನ್ನು ಕನ್ನಡದಲ್ಲೇ ಬರೆಯುತ್ತೇನೆ. ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದರೆ ದಂಡ ಇತ್ತು. ಈಗ ದಂಡ ಹಾಕುವವರು ಯಾರೂ ಇಲ್ಲ. ಒತ್ತಕ್ಷರ ತಪ್ಪಿದರೂ ಪರವಾಗಿಲ್ಲ, ಓದುವವಳು ನಾನೊಬ್ಬಳೇ.

ಬಾಗಿಲಲ್ಲಿ ಅತ್ತೆ ಆರತಿ ಎತ್ತುತ್ತಾರೆ ಎಂದುಕೊಂಡಿದ್ದೆ. ಅವರು ಅಂದದ್ದು ಇಷ್ಟು: "ಬಾರವ್ವ ಹರ್ಷಿತಾ, ಕಾಲು ತೊಳ್ಕೊ. ಸೊಪ್ಪು ಕಟ್ಟಕ್ಕೆ ಒಂದ್ ಕೈ ಕಮ್ಮಿ ಅದೆ."

ನನಗೆ ತುಂಬಾ ಇಷ್ಟವಾಯಿತು. ಎಷ್ಟು ನೇರ!

ಆಗಸ್ಟ್ 3, ಭಾನುವಾರ

ಇವರ ಮನೆಯಲ್ಲಿ ಎಲ್ಲವೂ ಹೊಗೆಸೊಪ್ಪಿನ ಸುತ್ತ ನಡೆಯುತ್ತದೆ. ಹೊಲದಿಂದ ಎಲೆ ಕಿತ್ತು ತಂದು, ಉದ್ದನೆಯ ಕಡ್ಡಿಗಳಿಗೆ ದಾರದಲ್ಲಿ ಕಟ್ಟಿ, ಬ್ಯಾರನ್ ಎಂಬ ಕಿಟಕಿಯಿಲ್ಲದ ಎತ್ತರದ ಕಟ್ಟಡದೊಳಗೆ ಸಾಲುಸಾಲಾಗಿ ನೇತುಹಾಕಿ, ಕೆಳಗೆ ಬೆಂಕಿ ಹಾಕಿ ಹಳದಿ ಮಾಡುತ್ತಾರೆ. ನನ್ನ ಕೈಗೆಲ್ಲ ಕಪ್ಪು ಅಂಟು. ತವರಿನಲ್ಲಿ ಮತ್ತೆ ಹಾಕಿಸಿಕೊಂಡ ಮೆಹಂದಿಯ ಮೇಲೆ ಅಂಟು! ಫೋಟೋ ತೆಗೆದು ಗೆಳತಿಯರಿಗೆಲ್ಲ ಕಳಿಸಿದೆ.

ನಾನು ಒಂದು ಕಡ್ಡಿ ಮುಗಿಸುವಷ್ಟರಲ್ಲಿ ಅತ್ತೆ ಯಶೋದಮ್ಮನವರು ನಾಲ್ಕು ಮುಗಿಸುತ್ತಾರೆ. ಕಟ್ಟುತ್ತಾ ಅವರ ಕಥೆ ಕೇಳಿದೆ. ಮಾವ ಚಿಕ್ಕಣ್ಣನವರು ಅತ್ತೆಗೆ ಸ್ವಂತ ಸೋದರಮಾವ, ಅತ್ತೆಯ ತಾಯಿಯ ಒಡಹುಟ್ಟಿದ ತಮ್ಮ.

"ನಿಮಗೆ ಒಪ್ಪಿಗೆ ಇತ್ತಾ ಅತ್ತೆ?" ಎಂದೆ.

"ಒಪ್ಗೇನಾ? ಚಿಕ್ಕೋಳಿದ್ದಾಗ ಹೆಗಲ ಮೇಲೆ ಹೊತ್ಕೊಂಡು ತಿರುಗ್ಸೋರು. ಮದ್ವೆ ಆದ್ಮೇಲೆ ಇಳಿಸ್ಬುಟ್ರು, ಅಷ್ಟೆ."

ಬ್ಯಾರನ್ನಿಗೆ ಬೆಂಕಿ ಹಾಕುವುದು ಸೋಮಯ್ಯ. ಪಕ್ಕದ ಮನೆಯವರು, ಒಂಟಿ ಮನುಷ್ಯ. ಸೊಪ್ಪಿನ ಕಾಲ ಮುಗಿಯುವ ತನಕ ಊಟ ಇವರ ಮನೆಯಲ್ಲೇ. ಮುದ್ದೆಯನ್ನು ನೋಡದೆ ನುಂಗುತ್ತಾರೆ, ಕಣ್ಣು ಯಾವಾಗಲೂ ಬ್ಯಾರನ್ನಿನ ಕಡೆಗೆ.

ಆಗಸ್ಟ್ 15, ಶುಕ್ರವಾರ

ರಾವಂದೂರಿನಲ್ಲಿ ಧ್ವಜಾರೋಹಣ ಆದ ಮೇಲೆ ರಕ್ತದಾನ ಶಿಬಿರ ಇತ್ತು. ಮಾವ ತೋಳು ಮಡಚಿಕೊಂಡು ಎಲ್ಲರಿಗಿಂತ ಮುಂದೆ ಹೋಗಿ ಮಲಗಿದರು. ಅವರದು ಎಬಿ ಪಾಸಿಟಿವ್. ಅಪರೂಪದ ಗುಂಪು ಎಂದು ನರ್ಸ್ ಹೇಳಿದ ಮೇಲೆ ಊರಿನ ಹತ್ತಾರು ಜನಕ್ಕೆ ಅವರೇ ಅದನ್ನು ಹೇಳಿದರು. ತೇಜುವಿನ ಬೆರಳು ಚುಚ್ಚಿ, ಗಾಜಿನ ಮೇಲೆ ಮೂರು ಹನಿ ಇಟ್ಟು ನೋಡಿ "ಓ ಪಾಸಿಟಿವ್" ಅಂದರು. ರಕ್ತ ತೆಗೆಯುವ ಸೂಜಿ ಕಂಡದ್ದೇ ತಡ, ನನ್ನ ಗಂಡ ಬೈಕ್ ತೆಗೆದುಕೊಂಡು ಪಿರಿಯಾಪಟ್ಟಣಕ್ಕೆ ಹೋಗಿಬಿಟ್ಟ. ಅಲ್ಲಿ ಅವನಿಗೆ ಏನೂ ಕೆಲಸ ಇರಲಿಲ್ಲ. ಎಷ್ಟು ಸೂಕ್ಷ್ಮ ಮನಸ್ಸು!

ಬೂಂದಿ, ಬಿಸ್ಕತ್ತು, ಹಣ್ಣಿನ ರಸ ಕೊಟ್ಟರು. ಬಹಳ ಒಳ್ಳೆಯ ದಿನ.

ಆಗಸ್ಟ್ 16, ಶನಿವಾರ

ಒಳ್ಳೆಯ ದಿನ ಆಗಿರಲಿಲ್ಲ. ಬೆಳಿಗ್ಗೆ ಸೊಪ್ಪು ಕಟ್ಟುತ್ತಾ ಇದ್ದಾಗ ಹೊಳೆಯಿತು.

ಅಪ್ಪ ಎಬಿ ಆದರೆ ಅವರ ಹತ್ತಿರ ಎರಡೇ ಜೀನ್, ಒಂದು ಎ, ಇನ್ನೊಂದು ಬಿ. ಹುಟ್ಟುವ ಪ್ರತಿ ಮಗುವಿಗೂ ಎರಡರಲ್ಲಿ ಒಂದನ್ನು ಕೊಡಲೇಬೇಕು. ಕೊಡದೇ ಇರುವುದಕ್ಕೆ ದಾರಿಯೇ ಇಲ್ಲ. ಓ ಗುಂಪಿನವರಲ್ಲಿ ಎ ಕೂಡ ಇಲ್ಲ, ಬಿ ಕೂಡ ಇಲ್ಲ. ತಾಯಿಯ ಗುಂಪು ಯಾವುದೇ ಆಗಿರಲಿ, ಎಬಿ ಅಪ್ಪನಿಗೆ ಓ ಮಗ ಹುಟ್ಟುವುದಿಲ್ಲ.

ಜೀನೋಟೈಪ್, ಫೀನೋಟೈಪ್ ವ್ಯತ್ಯಾಸ ಬರೆಯಿರಿ ಎಂದು ಬಿ.ಎಸ್ಸಿ. ಮೊದಲ ವರ್ಷದಲ್ಲಿ ಎರಡು ಅಂಕದ ಪ್ರಶ್ನೆ ಬಂದಿತ್ತು. ಜೀನೋಟೈಪ್ ಎಂದರೆ ಒಳಗೆ ಇರುವುದು, ಫೀನೋಟೈಪ್ ಎಂದರೆ ಹೊರಗೆ ಕಾಣುವುದು ಎಂದು ಬರೆದಿದ್ದೆ. ಪೂರ್ತಿ ಅಂಕ. ಮೂಗು, ಬಣ್ಣ, ಎತ್ತರ ಎಲ್ಲ ಹೊರಗಿನದು, ಅದು ಮೋಸ ಮಾಡಬಹುದು. ರಕ್ತ ಒಳಗಿನದು, ಅದು ಮೋಸ ಮಾಡುವುದಿಲ್ಲ.

ದಾರ ಬಿಚ್ಚಿ ಇಡೀ ಕಡ್ಡಿಯ ಎಲೆ ನೆಲಕ್ಕೆ ಬಿತ್ತು. ಅತ್ತೆ ಅಂದರು: "ಎಲ್ಲವ್ವ ಇದ್ದೀಯ, ಕೈ ಮೇಲೆ ಕಣ್ಣಿರ್ಲಿ."

ಅವರ ಮುಖವನ್ನೇ ನೋಡಿದೆ. ಪಾಪ! ಇಷ್ಟು ವರ್ಷ ಈ ಗುಟ್ಟನ್ನು ಒಬ್ಬರೇ ಹೊತ್ತಿದ್ದಾರೆ.

ಆಗಸ್ಟ್ 19, ಮಂಗಳವಾರ

ಮಾವನ ಕಿವಿ ತಲೆಗೆ ಅಂಟಿಕೊಂಡಿದೆ. ಅತ್ತೆಯದೂ ಹಾಗೆಯೇ. ತೇಜುವಿನ ಕಿವಿ ಎರಡೂ ಕಡೆ ಬಾಗಿಲು ತೆರೆದಿಟ್ಟ ಹಾಗೆ. ಮದುವೆಯ ಆಲ್ಬಮ್ಮಿನಲ್ಲೂ ಅದೇ ಮೊದಲು ಕಾಣುತ್ತದೆ, ನಾನು ಮರುಳಾದದ್ದೂ ಅದಕ್ಕೇ.

ಸೋಮಯ್ಯನವರ ಕಿವಿಯೂ ತೆರೆದಿಟ್ಟ ಬಾಗಿಲು.

ನಾನು ಸಣ್ಣ ಮನಸ್ಸಿನವಳಲ್ಲ. ಅತ್ತೆಯನ್ನು ಕ್ಷಮಿಸಿದ್ದೇನೆ. ಮದುವೆ ಮಾಡುವಾಗ ಅವರನ್ನು ಯಾರು ಕೇಳಿದ್ದರು? ಇವತ್ತಿನಿಂದ ಅವರನ್ನು ಇನ್ನೂ ಪ್ರೀತಿಯಿಂದ ನೋಡಿಕೊಳ್ಳಬೇಕು ಎಂದು ತೀರ್ಮಾನಿಸಿ ಕಾಲು ಒತ್ತಲು ಹೋದೆ. "ಏನ್ ಬೇಕಾಗಿತ್ತು ನಿಂಗೆ?" ಅಂದರು.

ಆಗಸ್ಟ್ 26, ಮಂಗಳವಾರ

ಗೌರಿ ಹಬ್ಬ. ಹೊಸ ಸೊಸೆಯ ಮೊದಲ ಗೌರಿ! ಬಾಗಿನ ಕೊಟ್ಟು ಮಾವನ ಕಾಲಿಗೆ, ಅತ್ತೆಯ ಕಾಲಿಗೆ ಬಿದ್ದೆ. ಆಮೇಲೆ ನ್ಯಾಯವಾಗಿ ಯಾರಿಗೆ ಸಲ್ಲಬೇಕೋ ಅವರಿಗೂ ಸಲ್ಲಲಿ ಎಂದು ಹಿತ್ತಲಿಗೆ ಹೋಗಿ ಸೋಮಯ್ಯನವರ ಕಾಲಿಗೂ ಬಿದ್ದೆ. ಅವರು ಒಲೆಗೆ ಸೌದೆ ತಳ್ಳುತ್ತಿದ್ದರು. ಸೌದೆ ಕೈಯಲ್ಲೇ ಉಳಿಯಿತು.

"ಏನವ್ವ ಇದು? ನಂಗೇನೋ ಕಾಯ್ಲೆ ಅದೆ ಅಂತ ಯಾರಾದ್ರೂ ಅಂದ್ರಾ?"

"ಇಲ್ಲ, ನೀವು ದೊಡ್ಡವರು. ಆಶೀರ್ವಾದ ಮಾಡಿ."

"ದೊಡ್ಡಾಸ್ಪತ್ರೆ ಡಾಕ್ಟ್ರು ಏನಾದ್ರೂ ಫೋನ್ ಮಾಡಿದ್ರಾ? ಇದ್ದದ್ ಇದ್ದಂಗೆ ಹೇಳ್ಬುಡು, ನಾನು ತಡ್ಕೋತೀನಿ."

ಸಂಜೆ ಅವರು ಯಾವತ್ತೂ ಇಲ್ಲದ ಹಾಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಬಂದಿದ್ದರು. ಊಟಕ್ಕೆ ಎರಡು ಹೋಳಿಗೆ ಹೆಚ್ಚಿಗೆ ಬಡಿಸಿದೆ. ಅವರು ಇನ್ನೂ ಹೆದರಿದರು. ಅತ್ತೆ ಬಾಗಿಲ ಬಳಿ ನಿಂತು ನೋಡುತ್ತಿದ್ದರು.

ಆಗಸ್ಟ್ 31, ಭಾನುವಾರ

ತೇಜುವಿಗೆ ಹೇಳಿಬಿಟ್ಟೆ.

ನಮ್ಮಿಬ್ಬರ ನಡುವೆ ಯಾವುದೇ ಗುಟ್ಟು ಇರಬಾರದು ಎಂದು ಮದುವೆಗೆ ಮೊದಲೇ ಮಾತಾಗಿತ್ತು. ಅವನು ಬೇರೆ ಇವತ್ತು ತಾನು ಪಿ.ಯು.ಸಿ.ಯಲ್ಲಿ ಒಬ್ಬಳಿಗೆ ಗ್ರೀಟಿಂಗ್ ಕಾರ್ಡ್ ಕೊಟ್ಟದ್ದನ್ನು ಒಪ್ಪಿಕೊಂಡ. ನಾನು ಅದಕ್ಕಿಂತ ದೊಡ್ಡದೇನಾದರೂ ಕೊಡಬೇಕಲ್ಲ. ಹೊಲದ ಬದುವಿನ ಮೇಲೆ ಕೂತು ಕಡ್ಡಿಯಿಂದ ಮಣ್ಣಿನಲ್ಲಿ ನಾಲ್ಕು ಮನೆ ಎಳೆದು ಎ, ಬಿ, ಓ ಎಲ್ಲ ಬರೆದು ತೋರಿಸಿದೆ. ತುಂಬಾ ಸ್ಪಷ್ಟವಾಗಿ ವಿವರಿಸಿದೆ, ನನಗೇ ಮೆಚ್ಚಿಕೆ ಆಯಿತು.

"ಗ್ಯಾರಂಟಿನಾ?" ಅಂದ.

"ವಿಜ್ಞಾನ ಕಣೋ ಇದು. ನೂರಕ್ಕೆ ನೂರು."

"ಯಾರು ಮತ್ತೆ?"

ಕಿವಿಯ ವಿಷಯ ಹೇಳಿದೆ. ಅವನು ತನ್ನ ಕಿವಿ ಮುಟ್ಟಿ ನೋಡಿಕೊಂಡ. ಆಮೇಲೆ ಎದ್ದು ಮಣ್ಣಿನ ಮೇಲೆ ಬರೆದದ್ದನ್ನು ಚಪ್ಪಲಿಯಿಂದ ಅಳಿಸಿ ಹೋದ. ಹೂಂ ಅನ್ನಲಿಲ್ಲ.

ಸತ್ಯವನ್ನು ಅರಗಿಸಿಕೊಳ್ಳಲು ಸಮಯ ಬೇಕು. ನಾನು ಕಾಯುತ್ತೇನೆ.

ಸೆಪ್ಟೆಂಬರ್ 4, ಗುರುವಾರ

ತೇಜು ಅತ್ತೆಯ ಜೊತೆ ಮಾತಾಡುತ್ತಿಲ್ಲ. ಮಾವನನ್ನು ಅಪ್ಪ ಎಂದು ಕರೆಯುವುದನ್ನು ಬಿಟ್ಟಿದ್ದಾನೆ. ಕರೆಯಬೇಕಾದಾಗ ಕೆಮ್ಮುತ್ತಾನೆ. ಮಾವ ಅವನಿಗೆ ಶುಂಠಿ ಕಷಾಯ ಕುದಿಸಿ ಕೊಟ್ಟರು.

ಸೆಪ್ಟೆಂಬರ್ 7, ಭಾನುವಾರ

ಅತ್ತೆ ನನ್ನನ್ನು ಕೇಳಿದರು: "ನಿಮ್ಮಿಬ್ರಿಗೇನಾದ್ರೂ ಜಗಳವಾ?"

"ಇಲ್ಲ ಅತ್ತೆ."

"ಮತ್ಯಾಕೆ ಆ ಹೈದ ನನ್ ಮಖ ನೋಡಲ್ಲ?"

ದಾರ ಎಳೆದು ಇನ್ನೊಂದು ಎಲೆ ಕಟ್ಟಿದೆ. ಇವತ್ತು ಅವರು ನಾಲ್ಕು ಕಡ್ಡಿ ಮುಗಿಸುವಷ್ಟರಲ್ಲಿ ನಾನು ಮೂರು ಮುಗಿಸಿದೆ. ಅವರ ಕೈ ನಿಧಾನವಾಗಿದೆ.

ಸೆಪ್ಟೆಂಬರ್ 10, ಬುಧವಾರ

ಪಿತೃಪಕ್ಷ. ಈ ಮನೆಯಲ್ಲಿ ಅಮಾವಾಸ್ಯೆಗೆ ಕಾಯುವುದಿಲ್ಲ, ಸೊಪ್ಪಿನ ಕೆಲಸ ನೋಡಿಕೊಂಡು ಎಡೆ ಇಡುತ್ತಾರೆ. ತೀರಿಹೋದ ಹಿರಿಯರಿಗೆ ಹೊಸ ಪಂಚೆ, ಸೀರೆ, ಕೋಳಿ ಸಾರು, ವಡೆ, ಕಜ್ಜಾಯ, ತಾತನಿಗೆ ಬೀಡಿ, ಎಲ್ಲವನ್ನೂ ಬಾಳೆ ಎಲೆಯ ಮೇಲೆ ಇಟ್ಟು ಮನೆಯ ಗಂಡುಮಗ ಧೂಪ ಹಾಕಬೇಕು.

"ಬಾರ್ಲಾ ತೇಜ, ನಿಮ್ ತಾತಂಗೆ ಧೂಪ ಹಾಕು," ಎಂದು ಮಾವ ಕರೆದರು.

ತೇಜು ಗೋಡೆಗೆ ಒರಗಿ ನಿಂತಿದ್ದ. "ನೀವೇ ಹಾಕಿ" ಅಂದ.

"ನಾನಿರಗಂಟ ನಾನು ಹಾಕ್ತೀನಿ. ಆಮೇಕೆ ನೀನು ತಾನೆ? ಕಲ್ತ್ಕೊ."

ಅವನು ಹೊರಗೆ ಹೋದ. ಮಾವ ಧೂಪದ ಬಟ್ಟಲು ಹಿಡಿದು ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ತಾವೇ ಹಾಕಿದರು. ಹಿರಿಯರು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಜಗುಲಿಯಲ್ಲಿ ಕೂತೆವು. ಸೋಮಯ್ಯ ಬ್ಯಾರನ್ನಿನ ಕಡೆ ನೋಡುತ್ತಿದ್ದರು.

ಹೇಳಬಾರದಿತ್ತೋ ಏನೋ. ಆದರೆ ಅದು ಸತ್ಯ.

ಸೆಪ್ಟೆಂಬರ್ 11, ಗುರುವಾರ

ತೇಜು ಬ್ಯಾರನ್ ಒಳಗೆ ಬಿದ್ದು ತೊಡೆಮೂಳೆ ಮುರಿದುಕೊಂಡಿದ್ದಾನೆ. ಮೈಸೂರಿನ ಆಸ್ಪತ್ರೆಯಲ್ಲಿದ್ದೇವೆ.

ಸೆಪ್ಟೆಂಬರ್ 12, ಶುಕ್ರವಾರ

ಬ್ಯಾರನ್ನಿಗೆ ಕಡ್ಡಿ ಏರಿಸುವಾಗ ಒಬ್ಬರು ಮೇಲೆ ಅಡ್ಡಮರಗಳ ಮೇಲೆ ಕಾಲು ಅಗಲಿಸಿ ನಿಲ್ಲುತ್ತಾರೆ, ಒಬ್ಬರು ಕೆಳಗಿನಿಂದ ಕಡ್ಡಿ ಕೊಡುತ್ತಾರೆ. ಒಳಗೆ ಕತ್ತಲು. ಕೊಡುವವರು "ತಕೋ" ಅನ್ನಬೇಕು, ಹಿಡಿದವರು "ಬುಡು" ಅನ್ನಬೇಕು. ಬುಡು ಅಂದ ಮೇಲೆಯೇ ಕೆಳಗಿನ ಕೈ ಬಿಡುವುದು. ಕೆಳಗಿದ್ದದ್ದು ಮಾವ, ಮೇಲಿದ್ದದ್ದು ತೇಜು. ಹತ್ತು ದಿನದಿಂದ ತೇಜು ಬುಡು ಅನ್ನುತ್ತಿರಲಿಲ್ಲವಂತೆ. ಮಾವ ಅಂದಾಜಿನಲ್ಲೇ ಕೈ ಬಿಡುತ್ತಿದ್ದರಂತೆ. ನಿನ್ನೆ ಅಂದಾಜು ತಪ್ಪಿತು. ಜಾರುತ್ತಿದ್ದ ಕಡ್ಡಿಯನ್ನು ಹಿಡಿಯಲು ಬಗ್ಗಿದವನು ಕಡ್ಡಿಯ ಜೊತೆಗೇ ಬಂದ.

"ನಾನೇ ಕೈ ಬುಟ್ಬುಟ್ಟೆ ಕಣವ್ವ," ಎಂದು ಮಾವ ನನಗೆ ಮೂರು ಸಲ ಹೇಳಿದರು. ಮೂರು ಸಲವೂ ನಾನು "ಇಲ್ಲ ಮಾವ" ಅಂದೆ. ಅದರ ಮುಂದಕ್ಕೆ ಹೇಳಬೇಕಾದದ್ದನ್ನು ಹೇಳಲಿಲ್ಲ.

ನಾಳೆ ಆಪರೇಷನ್. ಮೂಳೆಗೆ ರಾಡ್ ಹಾಕುತ್ತಾರೆ. ರಕ್ತ ಸಿದ್ಧ ಇರಬೇಕಂತೆ. ಓ ತಾನೆ, ಸುಲಭವಾಗಿ ಸಿಗುತ್ತದೆ.

ಸೆಪ್ಟೆಂಬರ್ 13, ಶನಿವಾರ

ಆಪರೇಷನ್ ನಿಂತಿದೆ. ಬ್ಲಡ್ ಬ್ಯಾಂಕಿನಲ್ಲಿದ್ದ ಓ ಚೀಲಗಳಲ್ಲಿ ಒಂದೂ ತೇಜುವಿನ ರಕ್ತಕ್ಕೆ ಹೊಂದುತ್ತಿಲ್ಲ. ಬೆರೆಸಿ ನೋಡಿದರೆ ಹುಳಿ ಬಿದ್ದ ಹಾಲಿನ ಹಾಗೆ ಒಡೆಯುತ್ತದಂತೆ. ಮಧ್ಯಾಹ್ನ ಅಲ್ಲಿಯ ಡಾಕ್ಟರ್ ಪ್ರಿಯಾ ನಮ್ಮನ್ನೆಲ್ಲ ವಾರ್ಡಿನಲ್ಲೇ, ತೇಜುವಿನ ಮಂಚದ ಪಕ್ಕ ನಿಲ್ಲಿಸಿಕೊಂಡು ಮಾತಾಡಿದರು.

"ಇವರು ಓ ಅಲ್ಲ. ಬಾಂಬೆ ಬ್ಲಡ್ ಗ್ರೂಪ್ ಅಂತ ಒಂದಿದೆ, ತುಂಬಾ ಅಪರೂಪ."

ಅತ್ತೆ ಅಂದರು: "ಬಾಂಬೆ ಕಡೆಯೋರು ಯಾರೂ ಇಲ್ವಲ್ಲಮ್ಮ ನಮ್ಮಲ್ಲಿ."

"ಮೊದಲು ಅಲ್ಲಿ ಕಂಡುಹಿಡಿದ್ರು ಅಂತ ಹೆಸರು, ಅಷ್ಟೆ. ನೋಡಿ, ಎ, ಬಿ ಅನ್ನೋದನ್ನ ಬಣ್ಣ ಅಂದ್ಕೊಳ್ಳಿ. ಗೋಡೆಗೆ ಬಣ್ಣ ಕೂರೋಕೆ ಮೊದಲು ಪ್ರೈಮರ್ ಹೊಡೀಬೇಕಲ್ವಾ? ರಕ್ತದಲ್ಲಿ ಆ ಪ್ರೈಮರ್‌ಗೆ ಎಚ್ ಅಂತೀವಿ. ಹೆಚ್ಚುಕಮ್ಮಿ ಎಲ್ಲರಿಗೂ ಇರುತ್ತೆ, ಓ ಗುಂಪಿನವರಿಗೂ. ಇವರಿಗೆ ಅದೇ ಇಲ್ಲ. ಅಪ್ಪ ಎಬಿ ಅಂತೀರಿ. ಹಾಗಾದ್ರೆ ಅಪ್ಪ ಕೊಟ್ಟ ಎ ಇಲ್ಲಾ ಬಿ ಇವರ ಒಳಗೆ ಇದ್ದೇ ಇದೆ, ಡಬ್ಬಿಯೊಳಗೆ ಬಣ್ಣ ಇದ್ದ ಹಾಗೆ. ಗೋಡೆ ಮೇಲೆ ಕೂರೋದಿಲ್ಲ. ಶಿಬಿರದಲ್ಲಿ ನೋಡೋದು ಗೋಡೆನ ಮಾತ್ರ. ಬಣ್ಣ ಕಾಣ್ಲಿಲ್ಲ, ಓ ಅಂದ್ರು."

ನನ್ನ ಬಾಯಿ ಸುಮ್ಮನಿರಲಿಲ್ಲ. "ಮೇಡಂ, ರಕ್ತ ಒಳಗಿನದಲ್ವಾ? ಅದು ಜೀನೋಟೈಪ್ ಅಲ್ವಾ?"

"ಯಾರು ಹೇಳಿದ್ದು? ಬ್ಲಡ್ ಗ್ರೂಪೂ ಫೀನೋಟೈಪೇ. ಚರ್ಮದ ಒಳಗಿದ್ರೆ ಏನಾಯ್ತು? ಪರೀಕ್ಷೆಯಲ್ಲಿ ಕಾಣಿಸ್ಕೊಳ್ಳೋ ಗುಣ ಅದು. ಅದರ ಹಿಂದೆ ಅಪ್ಪ ಅಮ್ಮನಿಂದ ಬಂದ ಜೀನ್‌ಗಳ ಜೋಡಿ ಇರುತ್ತಲ್ಲ, ಅದು ಜೀನೋಟೈಪ್. ನೀವು ಏನು ಓದಿದೀರಿ?"

"ಬಿ.ಎಸ್ಸಿ."

"ಯಾವುದರಲ್ಲಿ?"

"ಬಯೋಟೆಕ್ನಾಲಜಿ."

ಅವರು ಸ್ವಲ್ಪ ಹೊತ್ತು ನನ್ನನ್ನು ನೋಡಿ ಅತ್ತೆಯ ಕಡೆಗೆ ತಿರುಗಿದರು. "ಸಂಬಂಧದಲ್ಲಿ ಮದುವೆ ಆಗಿದೀರಾ?"

"ನಮ್ಮವ್ವನ ತಮ್ಮನೇ ಕಣಮ್ಮ. ತಪ್ಪಾ?"

"ತಪ್ಪು ಅಂತಲ್ಲ. ನಿಮ್ಮಿಬ್ಬರಲ್ಲೂ ಪ್ರೈಮರ್ ಮಾಡೋ ಜೀನ್ ಜೋಡಿಯಲ್ಲಿ ಒಂದು ಕೆಟ್ಟಿದೆ, ಇನ್ನೊಂದು ಸರಿ ಇದೆ. ಒಂದು ಸರಿ ಇದ್ರೆ ಸಾಕು, ಹೊರಗೆ ಏನೂ ಗೊತ್ತಾಗಲ್ಲ. ಒಂದೇ ಮನೆತನ ಅಲ್ವಾ, ಒಬ್ಬರೇ ಹಿರಿಯರಿಂದ ಇಬ್ಬರಿಗೂ ಬಂದಿರಬೇಕು. ಮಗನಿಗೆ ಎರಡೂ ಕಡೆಯಿಂದ ಕೆಟ್ಟದ್ದೇ ಬಂತು. ಮೊದಲೇ ಬೆರೆಸಿ ನೋಡಿ ಕ್ರಾಸ್ ಮ್ಯಾಚ್ ಮಾಡಿದ್ದು ಒಳ್ಳೇದಾಯ್ತು. ಓ ರಕ್ತ ಹಾಕಿದ್ರೆ ಪ್ರಾಣಕ್ಕೇ ಅಪಾಯ ಇತ್ತು." ಹೊರಡುತ್ತಾ ಇನ್ನೊಂದು ಮಾತು ಸೇರಿಸಿದರು: "ಇದರಿಂದ ಎಷ್ಟೋ ಮನೆ ಒಡೆದಿವೆ. ಅಪ್ಪ ಎಬಿ, ಮಗ ಓ ಅಂತ ನೋಡಿ, ಅರ್ಧಂಬರ್ಧ ಓದಿದವರು ಮಗು ಇವರದ್ದಲ್ಲ ಅಂತ ಲೆಕ್ಕ ಹಾಕ್ಬಿಡ್ತಾರೆ."

ಮಾವ ನಕ್ಕರು. "ಅಂತಾ ಪೆದ್ದರೂ ಇರ್ತಾರಾ ತಾಯಿ?"

ಅತ್ತೆ ನಗಲಿಲ್ಲ. ತೇಜುವನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

ತೇಜು ಗೋಡೆಯ ಕಡೆ ಮುಖ ಮಾಡಿಕೊಂಡಿದ್ದ. ಸ್ವಲ್ಪ ಹೊತ್ತಾದ ಮೇಲೆ "ಅಪ್ಪಾ, ನೀರು" ಅಂದ. ಮಾವ ಎದ್ದು ನೀರು ಕೊಟ್ಟರು. ಅವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಬೆಳಿಗ್ಗೆ ಅತ್ತೆ ನನ್ನನ್ನು ಕಾಫಿ ತರುವ ನೆಪದಲ್ಲಿ ಆಸ್ಪತ್ರೆಯ ಹಿಂದಿನ ಕಲ್ಲುಬೆಂಚಿಗೆ ಕರೆದುಕೊಂಡು ಹೋದರು. ಕಾಫಿ ಕುಡಿದು ಮುಗಿಯುವ ತನಕ ಏನೂ ಕೇಳಲಿಲ್ಲ. ಲೋಟ ಕೆಳಗಿಟ್ಟು ಕೇಳಿದರು.

"ಸೋಮಯ್ಯನಾ?"

ನಾನು ತಲೆ ತಗ್ಗಿಸಿದೆ.

"ಹಬ್ಬದ ದಿನ ಕಾಲಿಗ್ ಬಿದ್ದದ್ದು ಅದಕ್ಕಾ? ಹೋಳ್ಗೆ ಬಡ್ಸಿದ್ದು?"

"ಕಿವಿ..." ಅಂದೆ.

"ಆ ಕಿವಿ ನಮ್ಮವ್ವಂದು. ಅವಳ ಪೋಟನೇ ಇಲ್ಲ ಮನೇಲಿ, ನೀನೆಲ್ಲಿ ನೋಡೀಯೆ." ಲೋಟವನ್ನು ಪಕ್ಕಕ್ಕೆ ಸರಿಸಿ, "ಅಲ್ಲ ಕಣವ್ವ, ಸೋಮಯ್ಯನಾ? ಆ ವಯಸ್ನಲ್ಲಿ ನಂಗೆ ಕಣ್ಣು ಸಂದಾಗೇ ಕಾಣ್ತಿತ್ತು" ಅಂದರು.

ಅವರು ನಕ್ಕರು. ನಾನೂ ನಗಬಹುದೇನೋ ಎಂದುಕೊಳ್ಳುವಷ್ಟರಲ್ಲಿ ಅವರು ಸೆರಗಿನಿಂದ ಮುಖ ಒತ್ತಿಕೊಂಡಿದ್ದರು.

"ತಪ್ಪಾಯಿತು ಅತ್ತೆ. ಕಾಲಿಗೆ ಬೀಳ್ತೀನಿ."

"ಬ್ಯಾಡ ಬುಡು. ನಿನ್ ಕಾಲಿಗ್ ಬೀಳಾಟ ಸಾಕಾಗ್ಯದೆ." ಆಮೇಲೆ ಹೇಳಿದರು: "ನಿಮ್ ಮಾವಂಗೆ ಈ ಇಸ್ಯ ಹೇಳ್ಬ್ಯಾಡ. ಮೊದ್ಲು ನಗ್ತಾರೆ. ಆಮೇಲೆ ಯೋಚ್ನೆ ಮಾಡ್ತಾರೆ."

ನಾನು ಹೇಳುವುದಿಲ್ಲ ಎಂದೆ.

ಸೆಪ್ಟೆಂಬರ್ 16, ಮಂಗಳವಾರ

ಡಾಕ್ಟರ್ ಪ್ರಿಯಾ ಎಲ್ಲೆಲ್ಲಿಗೋ ಫೋನ್ ಮಾಡಿ ಎಚ್.ಡಿ.ಕೋಟೆ ಕಡೆಯ ಒಬ್ಬರನ್ನು ಹುಡುಕಿದರು. ರೂಪಶ್ರೀ ಎಂದು ಹೆಸರು, ಬ್ಯಾಂಕಿನಲ್ಲಿ ಕೆಲಸ. ಅವರದೂ ಇದೇ ರಕ್ತ. ರಜೆ ಹಾಕಿ ಬಸ್ಸಿನಲ್ಲಿ ಬಂದಿದ್ದರು. ಅತ್ತೆ ಅವರ ಕೈ ಹಿಡಿದುಕೊಂಡು ಮೊದಲು ಕೇಳಿದ್ದು: "ನಿಮ್ಮಪ್ಪ ಅವ್ವ ಸಂಬಂಧದಲ್ಲೇ ಆದೋರಾ?"

"ಹೂಂ ಕಣಮ್ಮ. ಅಪ್ಪನಿಗೆ ಅಮ್ಮ ಅಕ್ಕನ ಮಗಳು."

"ಅಂಗಾದ್ರೆ ಸರಿ," ಎಂದು ಅತ್ತೆ ಸಮಾಧಾನ ಮಾಡಿಕೊಂಡರು.

ಸಂಜೆ ಆಪರೇಷನ್ ಆಯಿತು. ಕಾಲು ಉಳಿಯಿತು. ಒಂದು ಚೀಲ ರಕ್ತ ಬೇಕಾಯಿತು.

ಸೋಮಯ್ಯ ಫೋನ್ ಮಾಡಿದ್ದರು. ನಮ್ಮ ಬ್ಯಾರನ್ನಿನ ಸೊಪ್ಪು ಒಳ್ಳೆಯ ಬಣ್ಣ ಬಂದಿದೆಯಂತೆ. ತಮ್ಮ ರಕ್ತ ಬೇಕಿದ್ದರೆ ಬರುತ್ತೇನೆ ಎಂದರು. ಹೊಂದುವುದಿಲ್ಲ ಎಂದೆ.

ಸೆಪ್ಟೆಂಬರ್ 19, ಶುಕ್ರವಾರ

ಅತ್ತೆ ಆಸ್ಪತ್ರೆಯಲ್ಲೇ ಇದ್ದಾರೆ. ತೇಜುವಿಗೆ ಗಂಜಿ ಕುಡಿಸುತ್ತಾರೆ, ಮೈ ಒರೆಸುತ್ತಾರೆ, ತಲೆ ಬಾಚುತ್ತಾರೆ. ಮಾತು ಮಾತ್ರ ಇಲ್ಲ. ಏನಾದರೂ ಹೇಳಬೇಕಾದರೆ ನನಗೆ ಹೇಳುತ್ತಾರೆ: "ಬಾಯಿ ತೆಗಿಯಕ್ಕೇಳು."

ಇವತ್ತು ತೇಜುವಿಗೆ ತಡೆಯಲಾಗಲಿಲ್ಲ. "ಅವ್ವ, ಯಾಕವ್ವ ಮಾತಾಡಲ್ಲ? ತಪ್ಪಾಯ್ತು ಅಂತ ಎಷ್ಟ್ ಸಲ ಹೇಳ್ಲಿ? ಹರ್ಷಿತಾ ಜೊತೆ ಮಾತಾಡ್ತೀಯಲ್ಲ, ಹೇಳಿದ್ದು ಅವಳಲ್ವಾ?"

ಅತ್ತೆ ಚಮಚ ಬಟ್ಟಲಲ್ಲಿ ಇಟ್ಟರು. ಉತ್ತರ ನನಗೇ ಹೇಳಿದರು, ನನ್ನ ಕಡೆ ತಿರುಗಿ:

"ನೀನು ಮೊನ್ನೆ ಬಂದೋಳು, ಹೊರಗಿಂದ ನೋಡ್ದೆ. ಕಂಡದ್ದು ಹೇಳ್ದೆ. ಅವನು ನನ್ ಹೊಟ್ಟೇಲಿ ಇದ್ದು ಬಂದೋನು. ಅವನು ನಂಬುದ್ನಲ್ಲ, ಅದಕ್ಕೆ."

ಪಕ್ಕದ ಮಂಚದವರು ರೇಡಿಯೋ ಸಣ್ಣ ಮಾಡಿದರು.

"ಎಷ್ಟು ದಿನ ಹಿಂಗೇ ಇರ್ತೀಯವ್ವ?" ಅಂದ ತೇಜು.

"ಅವನು ಎಷ್ಟು ದಿನ ಮಾತು ಬುಟ್ಟಿದ್ನೋ ಅಷ್ಟು ದಿನ ಆಗ್ಲಿ ಅಂತ ಹೇಳು," ಎಂದು ನನಗೆ ಹೇಳಿ, ಅತ್ತೆ ಚಮಚ ಎತ್ತಿ ಗಂಜಿಯನ್ನು ಊದಿ ಅವನ ಬಾಯಿಯ ಹತ್ತಿರ ಹಿಡಿದರು.

ತೇಜು ಗಂಜಿ ನುಂಗಿ ನನ್ನ ಕಡೆ ನೋಡಿದ. ಎಷ್ಟು ದಿನ ಎಂದು ನಾನು ಹೇಳುತ್ತೇನೆ ಎಂದುಕೊಂಡಿರಬೇಕು. ನನಗೆ ಗೊತ್ತಿತ್ತು, ಡೈರಿಯಲ್ಲಿ ಎಣಿಸಿದ್ದೆ. ಅತ್ತೆಯವರೇ ಹೇಳಲಿ ಎಂದು ಸುಮ್ಮನಾದೆ.